ನ್ಯಾಯಸ್ಥಾನದ ಚರಿತ್ರೆ ಮತ್ತು ಈಸೂರು: ಒಂದು ವಿಮರ್ಶೆ

ಮೈಸೂರು ಸಂಸ್ಥಾನದ ನ್ಯಾಯಾಡಳಿತವನ್ನು ಕುರಿತ ಬರಹಗಳನ್ನೂ ಶಿವಮೊಗ್ಗ ಜಿಲ್ಲೆಯ ಸ್ವಾತಂತ್ರ್ಯ ಹೋರಾಟವನ್ನು ಕುರಿತ ಬರಹಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದುವವನಿಗೆ ಒಂದು ಕೊರತೆ ಬೇಗನೆ ಗೋಚರವಾಗುತ್ತದೆ. ಮೊದಲನೆಯ ವರ್ಗದ ಬರಹಗಳಲ್ಲಿ ಕಾಯಿದೆ, ಕಟ್ಟಡ, ನ್ಯಾಯಾಧೀಶರ ಸಂಖ್ಯೆ ಇವೆಲ್ಲ ಸಾಂಗವಾಗಿ ಬರುತ್ತವೆ. ಈಸೂರಿನ ಹೆಸರು ಮಾತ್ರ ವಿರಳ. ಎರಡನೆಯ ವರ್ಗದ ಬರಹಗಳಲ್ಲಿ ಈಸೂರಿನ ತ್ಯಾಗದ ವರ್ಣನೆ ಹೇರಳವಾಗಿದೆ. ಆದರೆ ಆ ಊರಿನ ಐವರನ್ನು ಗಲ್ಲಿಗೆ ಕಳುಹಿಸಿದ ನ್ಯಾಯಸ್ಥಾನ ಯಾವುದು, ಅದು ಯಾರ ಹೆಸರಿನಲ್ಲಿ ನಡೆಯುತ್ತಿತ್ತು, ಅದರ ಮೇಲೆ ಯಾರಿದ್ದರು ಎಂಬ ವಿಚಾರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಈ ಎರಡು ಧಾರೆಗಳನ್ನು ಕೂಡಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಿವಮೊಗ್ಗದಿಂದ ಸವಳಂಗ ರಸ್ತೆಯನ್ನು ಹಿಡಿದು, ನವುಲೆಯ ವಿದ್ಯಾಸಂಸ್ಥೆಗಳನ್ನು ದಾಟಿ, ಶಿಕಾರಿಪುರದ ಕಡೆಗೆ ಸಾಗುವವನು ಈಸೂರಿನ ಸೀಮೆಯನ್ನು ಮುಟ್ಟುತ್ತಾನೆ. ಈ ದಾರಿಯಲ್ಲಿ ದಿನವೂ ಓಡಾಡುವ ವಿದ್ಯಾರ್ಥಿಗಳನ್ನು ‘ಈಸೂರಿನವರನ್ನು ಗಲ್ಲಿಗೇರಿಸಿದವರು ಯಾರು?’ ಎಂದು ಕೇಳಿದರೆ, ‘ಬ್ರಿಟಿಷರು’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಉತ್ತರದಲ್ಲಿ ಸತ್ಯಾಂಶವಿಲ್ಲವೆಂದಲ್ಲ, ಆದರೆ ಅದು ಅರ್ಧಸತ್ಯ. ಅರ್ಧಸತ್ಯವನ್ನು ಪೂರ್ಣಸತ್ಯವೆಂದು ಬೋಧಿಸುವುದು ಇತಿಹಾಸದ ಅಧ್ಯಾಪಕನಿಗೆ ಶೋಭಿಸುವ ಕೆಲಸವಲ್ಲ.

ಮೊದಲು ನ್ಯಾಯಸ್ಥಾನದ ಬೆಳವಣಿಗೆಯನ್ನು ನೋಡೋಣ. 1830ರ ನಗರದ ರೈತ ದಂಗೆಯನ್ನು ನೆಪವಾಗಿಟ್ಟುಕೊಂಡು 1831ರಲ್ಲಿ ಬ್ರಿಟಿಷರು ಮೂರನೆಯ ಕೃಷ್ಣರಾಜ ಒಡೆಯರಿಂದ ರಾಜ್ಯಾಡಳಿತವನ್ನು ತೆಗೆದುಕೊಂಡರು. ಸಂಸ್ಥಾನದ ಆಡಳಿತವನ್ನೇ ಬದಲಿಸಿದ ಈ ಘಟನೆಯ ಮೂಲ ಇಂದಿನ ಶಿವಮೊಗ್ಗ ಜಿಲ್ಲೆಯ ನೆಲದಲ್ಲೇ ಇತ್ತೆಂಬುದನ್ನು ನೆನಪಿಡತಕ್ಕದ್ದು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್‌ರ ಕಾಲದಲ್ಲಿ ಕಂದಾಯ, ಪೊಲೀಸು, ನ್ಯಾಯ ಈ ಮೂರೂ ಬಹುಮಟ್ಟಿಗೆ ಒಂದೇ ಕೈಯಲ್ಲಿ ಕೂಡಿದ್ದವು. 1856ರಲ್ಲಿ ಜುಡಿಷಿಯಲ್ ಕಮಿಷನರ ಹುದ್ದೆ ಏರ್ಪಟ್ಟ ಮೇಲೆ ನ್ಯಾಯವಿಭಾಗಕ್ಕೆ ಪ್ರತ್ಯೇಕ ಮುಖ್ಯಸ್ಥನೊಬ್ಬ ದೊರೆತನು. 1881ರ ಮಾರ್ಚ್ 25ರಂದು ರಾಜ್ಯ ಒಡೆಯರಿಗೆ ಮರಳಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪನೆಯಾಯಿತು. 1930ರಲ್ಲಿ ಅದೇ ಹೈಕೋರ್ಟೆಂಬ ಹೆಸರನ್ನು ಪಡೆಯಿತು. 1868ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಅಠಾರಾ ಕಚೇರಿ ಅದರ ನೆಲೆಯಾಯಿತು.

ಈ ಕ್ರಮವನ್ನು ನಿರಂತರ ಪ್ರಗತಿಯ ಕಥೆಯಾಗಿ ಹೇಳುವುದು ವಾಡಿಕೆ. ಸಂಸ್ಥೆ ಬೆಳೆದದ್ದೂ ನಿಜ, ಅದರಲ್ಲಿ ವಿದ್ವಾಂಸರಾದ ನ್ಯಾಯಾಧೀಶರು ಕುಳಿತದ್ದೂ ನಿಜ. ಆದರೆ ಈ ವರ್ಣನೆಯ ಮುಖ್ಯ ಆಧಾರ ಸರ್ಕಾರದ ಆಡಳಿತ ವರದಿಗಳು. ದಾಖಲಾದ ಮೊಕದ್ದಮೆಗಳೆಷ್ಟು, ತೀರ್ಮಾನವಾದವೆಷ್ಟು ಎಂದು ವರದಿ ಎಣಿಸುತ್ತದೆ. ನ್ಯಾಯಸ್ಥಾನ ಪ್ರಜೆಗೆ ಹೇಗೆ ಕಾಣಿಸಿತು ಎಂಬುದು ಅದರ ವಿಷಯವಲ್ಲ. ಈ ಪ್ರಶ್ನೆಗೆ ಉತ್ತರವನ್ನು ಬೇರೆ ಕಡೆ ಹುಡುಕಬೇಕು. ಈಸೂರು ಅಂಥ ಒಂದು ಕಡೆ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಈಸೂರಿನ ಜನ ಕಂದಾಯ ಕೊಡಲು ನಿರಾಕರಿಸಿದರು. ಊರು ಸ್ವತಂತ್ರವೆಂದು ಸಾರಿದರು. ಹುಡುಗರಿಬ್ಬರಲ್ಲಿ ಒಬ್ಬನನ್ನು ಅಮಲ್ದಾರನೆಂದೂ ಮತ್ತೊಬ್ಬನನ್ನು ಸಬ್ ಇನ್‌ಸ್ಪೆಕ್ಟರೆಂದೂ ನೇಮಿಸಿಕೊಂಡರು. ಈ ನೇಮಕವನ್ನು ವಿನೋದದ ಪ್ರಸಂಗವಾಗಿ ಬರೆದು ಮುಂದೆ ಸಾಗುವವರೇ ಹೆಚ್ಚು. ಆದರೆ ಇಲ್ಲಿ ವಿಚಾರಯೋಗ್ಯವಾದ ಅಂಶವೊಂದಿದೆ. ತಮ್ಮದೇ ಸರ್ಕಾರವನ್ನು ಕಟ್ಟಲು ಹೊರಟ ಹಳ್ಳಿಗರಿಗೆ ನೆನಪಾದ ಹುದ್ದೆಗಳು ಎರಡು: ಒಂದು ಕಂದಾಯದ್ದು, ಇನ್ನೊಂದು ಪೊಲೀಸಿನದು. ಪ್ರಚಲಿತವಾಗಿರುವ ಈ ಕಥನದಲ್ಲಿ ನ್ಯಾಯಾಧೀಶನ ನೇಮಕದ ಮಾತು ಬರುವುದಿಲ್ಲ. ಅಮಲ್ದಾರನ ಕೈಯಲ್ಲೇ ಮ್ಯಾಜಿಸ್ಟ್ರೇಟನ ಅಧಿಕಾರವೂ ಸೇರಿದ್ದ ದೀರ್ಘಕಾಲದ ಪದ್ಧತಿಯನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಹೈಕೋರ್ಟು ಬೆಂಗಳೂರಿನಲ್ಲಿತ್ತು, ಹಳ್ಳಿಗೆ ಸರ್ಕಾರವೆಂದರೆ ಅಮಲ್ದಾರನೇ. ಒಂದು ಪ್ರಸಂಗದಿಂದ ಇಡೀ ಸಂಸ್ಥಾನದ ಜನಮನೋಭಾವವನ್ನು ನಿರ್ಣಯಿಸಲಾಗದು; ಆದರೂ ಪ್ರಗತಿಯ ಕಥನವನ್ನು ಪ್ರಶ್ನಿಸಲು ಇದು ಸಾಕಾದ ಆಧಾರ.

1942ರ ಸೆಪ್ಟೆಂಬರ್ 28ರಂದು ಊರಿಗೆ ಬಂದ ಅಧಿಕಾರಿಗಳಿಗೂ ಜನರಿಗೂ ನಡೆದ ಘರ್ಷಣೆಯಲ್ಲಿ ತಾಲ್ಲೂಕಿನ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಹತರಾದರು. ತರುವಾಯ ಸೈನ್ಯ ಮತ್ತು ಪೊಲೀಸರು ಊರನ್ನು ಹೊಕ್ಕರು, ಜನ ಕಾಡುಪಾಲಾದರು. ವಿಚಾರಣೆಯಾಗಿ ಶಿಕ್ಷೆಗಳು ವಿಧಿಸಲ್ಪಟ್ಟವು. ಶಿಕ್ಷೆಗೊಳಗಾದವರಲ್ಲಿ ಹೆಂಗಸರೂ ಇದ್ದರು. 1943ರ ಮಾರ್ಚ್ 8, 9 ಮತ್ತು 10ರಂದು ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಘಟನೆ ನಡೆದು ಆರು ತಿಂಗಳೂ ತುಂಬಿರಲಿಲ್ಲ.

ಈ ಅವಧಿಯ ಅರ್ಥ ತಿಳಿಯಬೇಕಾದರೆ ಅದೇ ವರ್ಷದ ಮತ್ತೊಂದು ಮೊಕದ್ದಮೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1942ರ ಆಗಸ್ಟಿನಲ್ಲಿ ಮಧ್ಯಪ್ರಾಂತ್ಯದ ಚಿಮೂರು ಮತ್ತು ಆಷ್ಟಿಗಳಲ್ಲಿಯೂ ಜನರ ಕೈಯಲ್ಲಿ ಸರ್ಕಾರಿ ನೌಕರರು ಹತರಾಗಿದ್ದರು. ಅಲ್ಲಿಯೂ ಹಲವರಿಗೆ ಮರಣದಂಡನೆ ವಿಧಿಸಲ್ಪಟ್ಟಿತು. ಆದರೆ ಅದು ನೇರ ಬ್ರಿಟಿಷ್ ಆಳ್ವಿಕೆಯ ಪ್ರದೇಶ. ಮೇಲ್ಮನವಿ, ಕ್ಷಮಾದಾನದ ಅರ್ಜಿ, ದೇಶವ್ಯಾಪಿಯಾದ ಒತ್ತಾಯ ಇವುಗಳಿಂದ ಕಾಲ ಸರಿಯಿತು. 1945ರಲ್ಲಿ ಉಳಿದ ಕೈದಿಗಳ ಮರಣದಂಡನೆ ಜೀವಾವಧಿ ಶಿಕ್ಷೆಗೆ ಇಳಿಯಿತು. ಮೈಸೂರಿನ ಪ್ರಜೆಗೆ ಲಂಡನ್ನಿನ ಪ್ರಿವಿ ಕೌನ್ಸಿಲಿನ ದಾರಿ ತೆರೆದಿರಲಿಲ್ಲ. ಹೈಕೋರ್ಟಿನ ಮೇಲೆ ಇದ್ದವರು ಅರಸರೊಬ್ಬರೇ. ಎರಡು ಪ್ರಕರಣಗಳ ಪರಿಣಾಮಭೇದಕ್ಕೆ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಯುದ್ಧದ ಗತಿ, ರಾಜಕೀಯದ ಬದಲಾವಣೆ ಇವೂ ಕಾರಣಗಳೇ. ಆದರೆ ಮೇಲ್ಮನವಿಗೆ ಇನ್ನೊಂದು ಮೆಟ್ಟಿಲಿದ್ದರೆ ಕಾಲಾವಕಾಶ ದೊರೆಯುತ್ತದೆ. ಮರಣದಂಡನೆಗೆ ಗುರಿಯಾದವನಿಗೆ ಕಾಲಾವಕಾಶವೆಂದರೆ ಪ್ರಾಣವೇ.

ಈಗ ವಿದ್ಯಾರ್ಥಿಗಳ ಉತ್ತರಕ್ಕೆ ಮರಳೋಣ. ಮೈಸೂರಿನ ಮೇಲೆ ಬ್ರಿಟಿಷರ ಪರಮಾಧಿಕಾರವಿತ್ತು. ಭಾರತೀಯ ದಂಡಸಂಹಿತೆಯೇ ಇಲ್ಲಿಯೂ ಜಾರಿಯಲ್ಲಿತ್ತು. ಆ ಮಟ್ಟಿಗೆ ಉತ್ತರ ಸರಿ. ಆದರೆ ಹೈಕೋರ್ಟು ಮಹಾರಾಜರ ಸರ್ಕಾರದ್ದು; ಹತರಾದ ಅಧಿಕಾರಿಗಳಿಬ್ಬರೂ ಕನ್ನಡ ನಾಡಿನವರೇ; ಪ್ರಾಣದಾನದ ಕೊನೆಯ ಅಧಿಕಾರವಿದ್ದದ್ದು ಬ್ರಿಟಿಷ್ ವೈಸರಾಯಿಗಲ್ಲ, ಜಯಚಾಮರಾಜ ಒಡೆಯರಿಗೆ. ಮಾದರಿ ಸಂಸ್ಥಾನವೆಂಬ ಕೀರ್ತಿಗೆ ಕುಂದು ಬಾರದಿರಲೆಂದು ಒಂದು ಪಕ್ಷದವರೂ, ಹೋರಾಟದ ಚಿತ್ರ ಸರಳವಾಗಿರಲೆಂದು ಇನ್ನೊಂದು ಪಕ್ಷದವರೂ ಈ ಸಂಗತಿಯನ್ನು ಬದಿಗಿರಿಸಿದಂತೆ ತೋರುತ್ತದೆ. ಇದರಿಂದ ಅನ್ಯಾಯವಾಗುವುದು ಮೃತರಿಗೆ. ಐವರೂ ಕೇವಲ ಸ್ಮಾರಕದ ಹೆಸರುಗಳಾಗಿ ಉಳಿಯುತ್ತಾರೆ; ಸಮುದಾಯ ನಡೆಸಿದ ಕೃತ್ಯದಲ್ಲಿ ಪ್ರತಿಯೊಬ್ಬನ ಪಾತ್ರವನ್ನು ಯಾವ ಸಾಕ್ಷ್ಯದಿಂದ ನಿರ್ಣಯಿಸಲಾಯಿತು ಎಂಬ ಪ್ರಶ್ನೆ ಕೇಳದೆಯೇ ಉಳಿಯುತ್ತದೆ. ಕರ್ತವ್ಯದಲ್ಲಿ ಪ್ರಾಣ ಕಳೆದುಕೊಂಡ ಅಧಿಕಾರಿಗಳ ಮನೆಯವರ ದುಃಖವೂ ಚರಿತ್ರೆಯ ಹೊರಗೇ ನಿಲ್ಲುತ್ತದೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ ಮಹತ್ತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಅದರ 374ನೆಯ ಅನುಚ್ಛೇದವು ಹಿಂದಿನ ಸಂಸ್ಥಾನಗಳಲ್ಲಿ ಪ್ರಿವಿ ಕೌನ್ಸಿಲಿನಂತೆ ಕಾರ್ಯ ಮಾಡುತ್ತಿದ್ದ ಪ್ರಾಧಿಕಾರಗಳ ಅಧಿಕಾರವನ್ನು ಕೊನೆಗೊಳಿಸಿತು. ಮೈಸೂರಿನ ಹೈಕೋರ್ಟಿನ ಮೇಲೆ ದೆಹಲಿಯ ಸರ್ವೋಚ್ಚ ನ್ಯಾಯಾಲಯ ಬಂದಿತು. ಕಾರ್ಯಾಂಗದಿಂದ ನ್ಯಾಯಾಂಗವನ್ನು ಬೇರ್ಪಡಿಸಬೇಕೆಂಬ 50ನೆಯ ಅನುಚ್ಛೇದದ ಆಶಯ ದಂಡನ್ಯಾಯದ ಕ್ಷೇತ್ರದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ ಬಹುಮಟ್ಟಿಗೆ ನೆರವೇರಿತು. ಅದೇ ವರ್ಷ ರಾಜ್ಯ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಉಚ್ಚ ನ್ಯಾಯಾಲಯದ ಹೆಸರೂ ಬದಲಾಯಿತು. 2008ರಲ್ಲಿ ಧಾರವಾಡ ಮತ್ತು ಗುಲ್ಬರ್ಗಗಳಲ್ಲಿ ಅದರ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂ ಆದವು. ಶಿವಮೊಗ್ಗ ಜಿಲ್ಲೆ ಮಾತ್ರ ಇಂದಿಗೂ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದೆ. ರಾಷ್ಟ್ರೀಯ ನ್ಯಾಯಾಂಗವೆಂದರೆ ದೆಹಲಿಯ ಒಂದು ಭವನವೆಂದು ಭಾವಿಸುವವನು, ಈಸೂರಿನ ರೈತನಿಗೆ 1943ರಲ್ಲಿ ಇಲ್ಲದಿದ್ದ ಆ ಒಂದು ಮೆಟ್ಟಿಲನ್ನು ನೆನೆಯಬೇಕು.

ಆದುದರಿಂದ ನ್ಯಾಯಸ್ಥಾನದ ಚರಿತ್ರೆಯನ್ನು ಬರೆಯುವವರು ಆಡಳಿತ ವರದಿಗಳ ಜೊತೆಗೆ ಮೊಕದ್ದಮೆಯ ಕಡತಗಳನ್ನೂ ಓದತಕ್ಕದ್ದು. ಆ ಕಡತಗಳನ್ನು ಎಚ್ಚರದಿಂದಲೇ ಓದಬೇಕು: ಸೆರೆಯಲ್ಲಿದ್ದವನ ಹೇಳಿಕೆ ಭಯದ ನಡುವೆ ಬಂದದ್ದು, ಕನ್ನಡದಲ್ಲಿ ಆಡಿದ ಮಾತು ಇಂಗ್ಲಿಷಿನ ತೀರ್ಪನ್ನು ಸೇರುವಾಗ ರೂಪ ಬದಲಿಸಿರಬಹುದು. ಹೋರಾಟದ ಚರಿತ್ರೆಯನ್ನು ಬರೆಯುವವರು ಗಲ್ಲುಗಂಬದ ವರ್ಣನೆಗೆ ಮೊದಲು ಕಟಕಟೆಯ ವರ್ಣನೆಯನ್ನು ಕೊಡತಕ್ಕದ್ದು. ನಮ್ಮ ವಿದ್ಯಾರ್ಥಿಗಳು ಸವಳಂಗ ರಸ್ತೆಯಲ್ಲಿ ಹೊರಟು ಈಸೂರಿನ ಸ್ಮಾರಕಕ್ಕೆ ಹೂವಿಟ್ಟು ಬರುವುದು ಸಂತೋಷದ ವಿಷಯ. ಆದರೆ ಅಲ್ಲಿಂದ ಅವರು ಪ್ರಶ್ನೆಯೊಂದನ್ನು ಹೊತ್ತು ಹಿಂದಿರುಗಿದರೆ ಮಾತ್ರ ಆ ಪ್ರಯಾಣ ಇತಿಹಾಸಾಧ್ಯಯನವಾಗುತ್ತದೆ.