ಒಲೆಯ ಮುಂದೆ ಕೇಳಿದ ಕಥೆ

ಕಚೇರಿ, ಅಡಿಗೆ, ಮಕ್ಕಳ ಪಾಠ ಮುಗಿದ ಮೇಲೆ ಬರೆಯಲು ಹೊತ್ತೆಲ್ಲಿದೆ ಎಂದು ಬಾಳಗಡಿಯ ಗೆಳತಿಯರು ನನ್ನನ್ನು ಕೇಳುವುದುಂಟು. ಆಗೆಲ್ಲ ನಾನು ನಮ್ಮ ನೆರೆಯ ನರಸಿಂಹರಾಜಪುರದ ಎಂ. ಕೆ. ಇಂದಿರಾ ಅವರ ಹೆಸರು ಹೇಳುತ್ತೇನೆ. ಏಳು ವರ್ಷದ ಓದು, ಹನ್ನೆರಡಕ್ಕೆ ಮದುವೆ. ಮೊದಲ ಕಾದಂಬರಿ ‘ತುಂಗಭದ್ರಾ’ ಅಚ್ಚಾದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಸಂಸಾರವೆಂಬ ನೌಕರಿಗೆ ರಜೆಯೂ ಇಲ್ಲ, ಸಂಬಳವೂ ಇಲ್ಲ.

1976ರ ‘ಫಣಿಯಮ್ಮ’ನ ಬೇರು ಅವರ ಬಾಲ್ಯದಲ್ಲಿದೆ. ಬಾಲವಿಧವೆಯೊಬ್ಬರು ಇಂದಿರಾ ಅವರ ತಾಯಿಯ ಬಳಿ ಹೇಳಿಕೊಂಡ ಬಾಳು ಅದು. ಮಡಿ ಹೆಂಗಸಾದ ಫಣಿಯಮ್ಮ ಕೀಳೆನಿಸಿಕೊಂಡ ಜಾತಿಯ ಹೆಣ್ಣಿನ ಹೆರಿಗೆ ಮಾಡಿಸುತ್ತಾಳೆ. ತಲೆ ಬೋಳಿಸಿಕೊಳ್ಳಲೊಲ್ಲೆನೆಂದ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ಈ ಧೈರ್ಯ ಮನೆಗೆಲಸದಷ್ಟೇ ಸಹಜವಾಗಿ ಬರುವುದು ಕಾದಂಬರಿಯ ಬಲ. ಅವಳ ಪುಣ್ಯವನ್ನು ಹೊಗಳುವಲ್ಲಿ ಮಾತ್ರ ಬರಹ ಸಡಿಲವಾಗುತ್ತದೆ. ಅವಳಿಗೂ ಸಿಟ್ಟು ಬಂದಿರಲಾರದೇ ಎಂದು ನನಗನಿಸುತ್ತದೆ.

ಆದರೂ ನೆನಪನ್ನು ಹಳಹಳಿಕೆಗೆ ಬಿಡದೆ ಸಾಕ್ಷಿಯಾಗಿ ನಿಲ್ಲಿಸಿದ್ದಾರೆ. ನಮ್ಮ ಅಜ್ಜಿಯರು ಒಲೆಯ ಮುಂದೆ ಹೇಳಿದ್ದನ್ನು ನಾವು ಬರೆದಿಡದಿದ್ದರೆ ಮತ್ತಾರು ಬರೆಯಬೇಕು? ನಮಗೆ ಬಿಡುವು ಸಿಗುವವರೆಗೆ ಕಾಯುವಷ್ಟು ಆಯುಸ್ಸು ಆ ಕಥೆಗಳಿಗಿಲ್ಲ.