ಗೆದ್ದಾಕಿ ಮುಂದ ಏನ್ ಮಾಡಿದ್ಳು?

ಈಚೆಗೆ ಸೇಡಂನಲ್ಲಿ ಪರಿಚಯದವರ ಮಗಳೊಬ್ಬಳು ತಾನು ನೌಕರಿಯ ಪರೀಕ್ಷೆಗೆಂದು ಓದುತ್ತಿದ್ದ ಸಾಮಾನ್ಯ ಜ್ಞಾನದ ಗೈಡನ್ನು ನಮ್ಮ ಮುಂದೆ ತಂದಿಟ್ಟಳು. ಅಂಥ ಗೈಡುಗಳನ್ನು ಕಂಡವರಿಗೆ ಅವುಗಳ ಕ್ರಮ ಗೊತ್ತೇ ಇದೆ. ದೇಶಗಳು ಮತ್ತು ರಾಜಧಾನಿಗಳು, ನದಿಗಳ ಉಗಮಸ್ಥಾನಗಳು, ಜ್ಞಾನಪೀಠ ಪಡೆದವರು, ಅದಾದ ಮೇಲೆ ವಿಶ್ವಸುಂದರಿಯರು, ಭುವನಸುಂದರಿಯರು. 1966 ರೀಟಾ ಫಾರಿಯಾ. 1994 ಐಶ್ವರ್ಯಾ ರೈ, ಸುಷ್ಮಿತಾ ಸೇನ್. 1997 ಡಯಾನಾ ಹೇಡನ್. 1999 ಯುಕ್ತಾ ಮುಖಿ. ಹುಡುಗಿ ಆ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದಳು: ‘ಸರ್, ಗೆದ್ದಾಕಿ ಹೆಸರು, ಇಸ್ವಿ ಎರಡೂ ಅದಾವ. ಆಕಿ ಮುಂದ ಏನ್ ಮಾಡಿದ್ಳು ಅಂಬೋದು ಎಲ್ಲಿ ಸಿಗ್ತದರಿ?’

ಪ್ರಶ್ನೆ ಸಣ್ಣದು. ಆದರೆ ವಿಶ್ವಕೋಶ ಎಂಬ ವಸ್ತುವಿನ ಬುಡಕ್ಕೇ ಕೈಹಾಕುವ ಪ್ರಶ್ನೆ. ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದ ಹೆಣ್ಣುಮಗಳಿಗೆ ವಿಶ್ವಕೋಶದಲ್ಲಿ ಪ್ರತ್ಯೇಕ ಬರಹವೊಂದು ಸಲ್ಲಬೇಕೆ, ಅಥವಾ ಸ್ಪರ್ಧೆಯ ಕುರಿತ ಬರಹದಲ್ಲಿ ಒಂದು ಸಾಲು ಸಾಕೆ? ಈ ಮಾತನ್ನು ನಮ್ಮ ಕಡೆಯ ಇಬ್ಬರು ಗೆಳೆಯರ ಮುಂದೆ ಇಟ್ಟೆವು. ವಾಡಿಯ ಗೆಳೆಯರು ಬಹುಕಾಲ ಕಾರ್ಮಿಕ ಸಂಘಟನೆಯಲ್ಲಿ ದುಡಿದವರು. ಸಾಬೂನು, ಕ್ರೀಮು ಮಾರುವವರು ಆರಿಸಿದ ಗೊಂಬೆಗಳಿಗೆ ವಿಶ್ವಕೋಶ ಯಾಕೆ ಎಂದರು. ಚಿತ್ತಾಪುರದ ಮೌಲ್ವಿ ಸಾಹೇಬರು ಹಯಾ ಬಿಟ್ಟವರ ಹೆಸರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದೇ ತಪ್ಪು ಎಂದರು. ಬೇರೆ ಯಾವ ವಿಷಯದಲ್ಲೂ ಒಂದಾಗದ ಇವರಿಬ್ಬರು ಈ ಒಂದರಲ್ಲಿ ಒಂದಾದದ್ದು ನಮಗೆ ತಮಾಷೆಯಾಗಿ ಕಂಡಿತು. ಇಬ್ಬರ ಸಿಟ್ಟಿನಲ್ಲೂ ಹುರುಳಿದೆ. ಆದರೆ ಇಬ್ಬರೂ ವಿಶ್ವಕೋಶವನ್ನು ಸನ್ಮಾನ ಪತ್ರವೆಂದು ತಿಳಿದಿದ್ದಾರೆ. ನಮ್ಮ ತಕರಾರು ಇರುವುದು ಅಲ್ಲಿ.

ವಿಶ್ವಕೋಶ ಯಾರಿಗೂ ಶಾಲು ಹೊದಿಸುವುದಿಲ್ಲ. ಅದರಲ್ಲಿ ಹಿಟ್ಲರನಿಗೂ ಜಾಗವಿದೆ, ಪ್ಲೇಗಿಗೂ ಇದೆ. ಉರ್ದುವಿನಲ್ಲಿ ಅದನ್ನು ದಾಯಿರತುಲ್ ಮಆರಿಫ್ ಎನ್ನುತ್ತೇವೆ, ಅರಿವುಗಳ ವೃತ್ತ ಎಂದು ಅರ್ಥ. ಈ ವೃತ್ತದೊಳಗೆ ಯಾರು ಬರಬೇಕು ಎಂಬ ಚರ್ಚೆ ಮುಸ್ಲಿಮರಿಗೆ ಹೊಸದೇನಲ್ಲ. 13ನೆಯ ಶತಮಾನದಲ್ಲಿ ಇಬ್ನ್ ಖಲ್ಲಿಕಾನ್ ಎಂಬ ಖಾಜಿ ‘ವಫಯಾತುಲ್ ಅಅಯಾನ್’ ಎಂಬ ದೊಡ್ಡ ಚರಿತ್ರಕೋಶ ರಚಿಸಿದರು. ಡಮಾಸ್ಕಸ್‌ನಲ್ಲಿ ನ್ಯಾಯ ಹೇಳುತ್ತಿದ್ದ ಮನುಷ್ಯ ಅವರು. ತಾವು ವಿದ್ವಾಂಸರನ್ನೋ ಅಮೀರರನ್ನೋ ಕವಿಗಳನ್ನೋ ಮಾತ್ರ ಆರಿಸಿಕೊಂಡಿಲ್ಲ, ಜನರ ಬಾಯಲ್ಲಿ ಯಾರ ಹೆಸರಿದೆಯೋ, ಯಾರ ಬಗ್ಗೆ ಜನ ಕೇಳುತ್ತಾರೋ ಅವರನ್ನೆಲ್ಲ ಸೇರಿಸಿದ್ದೇನೆ ಎಂಬ ಅರ್ಥದ ಮಾತನ್ನು ಮುನ್ನುಡಿಯಲ್ಲಿ ಹೇಳಿದ್ದಾರೆ. ಜನ ಕೇಳುತ್ತಾರೆಯೇ ಎಂಬುದು ಮೊದಲ ಅಳತೆ. ಅದರಂತೆ ನೋಡಿದರೆ ಸೇಡಂನ ಹುಡುಗಿ ಕೇಳಿಯೇಬಿಟ್ಟಿದ್ದಾಳೆ!

ಅದೇ ಕೋಶದಲ್ಲಿ ಇಮಾಮ್ ಹುಸೇನರ ಮಗಳು ಹಜ್ರತ್ ಸುಕೈನಾ ಅವರ ಬಗ್ಗೆ ಒಂದು ಬರಹವಿದೆ. ಖಾಜಿಗಳು ಅವರ ಮನೆತನವನ್ನು, ಶೀಲವನ್ನು, ಮಾತಿನ ಚುರುಕನ್ನು ಬರೆದಂತೆ ಅವರ ಚೆಲುವನ್ನೂ ಬರೆದಿದ್ದಾರೆ, ಅವರ ಹೆಸರಿನಿಂದಲೇ ಕರೆಯಲ್ಪಟ್ಟ ಒಂದು ಕೇಶವಿನ್ಯಾಸವನ್ನೂ ಬಿಟ್ಟಿಲ್ಲ. ಚೆಲುವನ್ನು ಬರೆಯಲು ಅವರಿಗೆ ಅಂಜಿಕೆ ಇರಲಿಲ್ಲ. ಆದರೆ ಬರೀ ಚೆಲುವನ್ನು ಬರೆದು ಕೈತೊಳೆದುಕೊಳ್ಳಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಎಲ್ಲವೂ 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ ಊರುಗಳು, ನಮಗೆ ಹೈದರಾಬಾದು ಪರದೇಶವಲ್ಲ. ಅಲ್ಲಿನ ಮೌಲಾ ಅಲಿ ಗುಡ್ಡದ ಬುಡದಲ್ಲಿ ಮಾಹ್ ಲಖಾ ಬಾಯಿ ಚಂದಾ ಅವರ ಗೋರಿಯಿದೆ. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿಕೊಂಡ ಈಕೆ ತವಾಯಫ್. ಅಂದಿನ ದಖ್ಖನಿನಲ್ಲಿ ಚೆಲುವಿಗೆ ಕಿರೀಟ ಕೊಡುವ ಪದ್ಧತಿ ಇದ್ದಿದ್ದರೆ ಯಾರ ತಲೆಗೆ ಹೋಗುತ್ತಿತ್ತೆಂದು ಹೇಳಬೇಕಾಗಿಲ್ಲ, ಹೆಸರಿನ ಅರ್ಥವೇ ಚಂದ್ರಮುಖಿ. ಆದರೆ ಆಕೆ ಗಜಲುಗಳ ದೀವಾನ್ ರಚಿಸಿದರು, ದರಬಾರಿನಲ್ಲಿ ಉಮರಾವರ ಸಾಲಿನಲ್ಲಿ ಕುಳಿತರು, ಜಾಗೀರು ನಡೆಸಿದರು. ‘ಮಾಹ್‌ನಾಮಾ’ ಎಂಬ ದಖ್ಖನಿನ ಚರಿತ್ರೆಯೊಂದನ್ನು ತಾವೇ ಮುಂದೆ ನಿಂತು ಬರೆಸಿದರು. ಅಂದರೆ ಇತಿಹಾಸಕಾರರ ದಯೆಗೆ ಕಾಯದೆ ತಮ್ಮ ಪುಟವನ್ನು ತಾವೇ ಗಟ್ಟಿಮಾಡಿಕೊಂಡ ಜಾಣೆ. 1864ರಲ್ಲಿ ಮೀರತ್‌ನ ಹಕೀಮ್ ಫಸೀಹುದ್ದೀನ್ ರಂಜ್ ಉರ್ದು ಕವಯಿತ್ರಿಯರ ತಜ್ಕಿರಾ ‘ಬಹಾರಿಸ್ತಾನೆ ನಾಜ್’ ಬರೆದಾಗ ಅದರಲ್ಲಿ ಪರದೆಯ ಬೇಗಮರೂ ಇದ್ದರು, ತವಾಯಫರೂ ಇದ್ದರು. ಪದ್ಯ ಬರೆದಿದ್ದಾರೆಯೇ ಎಂಬುದಷ್ಟೇ ಅಲ್ಲಿ ಪ್ರಶ್ನೆ. ನಮ್ಮ ಮೌಲ್ವಿ ಸಾಹೇಬರಿಗಿಂತ ಆ ಹಕೀಮರು ಹೆಚ್ಚು ಧಾರಾಳಿಗಳು ಎನ್ನಬೇಕಾಗುತ್ತದೆ.

ಕನ್ನಡದ ಕಡೆ ಬರೋಣ. 1936ರಲ್ಲಿ ಶಿವರಾಮ ಕಾರಂತರು ಒಬ್ಬರೇ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಮೊದಲ ಸಂಪುಟ ಬಂದಾಗ ಮಂಗಳೂರಿನ ಐಶ್ವರ್ಯಾ ರೈ ಇನ್ನೂ ಹುಟ್ಟಿರಲೇ ಇಲ್ಲ. ಕಾಗದ, ಮೊಳೆ, ಹಣ ಎಲ್ಲಕ್ಕೂ ಲೆಕ್ಕವಿದ್ದ ಆ ಕಾಲದಲ್ಲಿ ಒಬ್ಬರನ್ನು ಸೇರಿಸಿದರೆ ಇನ್ನೊಬ್ಬರನ್ನು ಬಿಡಬೇಕಿತ್ತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಆ ಕಷ್ಟವಿಲ್ಲ. ಅದರ ಲೇಖನಗಳ ಸಂಖ್ಯೆ ಮೂವತ್ತು ಸಾವಿರ ದಾಟಿದೆ, ಇನ್ನೂ ಅಷ್ಟು ಬಂದರೂ ಯಾರ ಮನೆಯ ಕಪಾಟೂ ತುಂಬುವುದಿಲ್ಲ. ಹಾಗಾದರೆ ಎಲ್ಲರಿಗೂ ಪುಟ ಕೊಟ್ಟರಾಯಿತಲ್ಲ ಎನ್ನಬಹುದು. ಜಾಗ ಅಗ್ಗವಾಗಿರಬಹುದು, ಬರೆಯುವ ಕೈ ಅಗ್ಗವಾಗಿಲ್ಲ. ಸುಮಾರು 2010ರ ಹೊತ್ತಿಗೆ ಗೂಗಲ್ ಸಂಸ್ಥೆಯ ಅನುವಾದ ಯೋಜನೆಯಿಂದ ಇಂಗ್ಲಿಷ್ ಲೇಖನಗಳು ರಾಶಿರಾಶಿಯಾಗಿ ಕನ್ನಡಕ್ಕೆ ಬಂದುಬಿದ್ದವು. ಅವುಗಳ ಕನ್ನಡವನ್ನು ಓದಿದವರಿಗೆ ಲೇಖನ ಇರುವುದಕ್ಕೂ ಲೇಖನ ಬರೆದಿರುವುದಕ್ಕೂ ಇರುವ ವ್ಯತ್ಯಾಸ ತಿಳಿದಿದೆ.

ಸುಂದರಿಯರ ಬಗೆಗಿನ ಬರಹಗಳ ದೋಷವೂ ಇಂಥದೇ. ಹುಟ್ಟಿದ ದಿನ, ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣ, ಗೆದ್ದ ಪಟ್ಟ, ಮರುವರ್ಷ ಕಿರೀಟ ಯಾರಿಗೆ ದಾಟಿಸಿದರು. ಇದು ಜೀವನಚರಿತ್ರೆಯಲ್ಲ, ತೀರ್ಪುಗಾರರ ಚೀಟಿಯ ನಕಲು. ವೇದಿಕೆಯ ಮೇಲೆ ಒಮ್ಮೆ ಅಳೆದವರನ್ನು ವಿಶ್ವಕೋಶ ಇನ್ನೊಮ್ಮೆ ಅಳೆಯುತ್ತದೆ. ವಾಡಿಯ ಗೆಳೆಯರು ಸಿಟ್ಟಾಗಬೇಕಾದದ್ದು ಇದಕ್ಕೆ.

ನಾವು ಒಂದು ಉಪಾಯ ಹೂಡಿದೆವು. ಬರಹದಲ್ಲಿ ಕಿರೀಟದ ಮಾತಿರುವ ಸಾಲನ್ನು ಅಂಗೈಯಿಂದ ಮುಚ್ಚುವುದು, ಆಮೇಲೆ ಏನು ಉಳಿಯುತ್ತದೆ ನೋಡುವುದು. ರೀಟಾ ಫಾರಿಯಾ ಅವರದನ್ನು ತೆಗೆದುಕೊಳ್ಳಿ. ಮುಂಬಯಿಯ ಗೋವಾ ಮೂಲದ ಕುಟುಂಬದವರು, ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ. 1966ರಲ್ಲಿ ಲಂಡನ್ನಿನಲ್ಲಿ ವಿಶ್ವಸುಂದರಿಯಾದರು, ಏಷ್ಯಾದವರಲ್ಲಿ ಮೊದಲಿಗರು. ಅದೇ ವರ್ಷ ಬಾಬ್ ಹೋಪ್ ತಂಡದೊಂದಿಗೆ ವಿಯೆಟ್ನಾಮಿಗೆ ಹೋಗಿ ಅಮೆರಿಕನ್ ಸೈನಿಕರ ಮುಂದೆ ನಿಂತದ್ದು ಇಲ್ಲಿ ಟೀಕೆಗೆ ಗುರಿಯಾಯಿತು. ಒಂದು ವರ್ಷ ಕಳೆಯುತ್ತಲೇ ಆ ಲೋಕಕ್ಕೆ ಬೆನ್ನು ತಿರುಗಿಸಿ ವೈದ್ಯಕೀಯ ಓದಿಗೆ ಮರಳಿದರು, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಗೆ ಓದಲು ಹೋದರು, ವೈದ್ಯರನ್ನು ಮದುವೆಯಾಗಿ ಡಬ್ಲಿನ್‌ನಲ್ಲಿ ನೆಲೆಸಿದರು. ಕತೆ ಬರೆಯುವ ನಮಗೆ ಇಲ್ಲಿ ಕಿರೀಟಕ್ಕಿಂತ ಕಿರೀಟ ಬಿಟ್ಟು ನಡೆದದ್ದು ದೊಡ್ಡದಾಗಿ ಕಾಣುತ್ತದೆ. ಇವರಿಗೆ ಪ್ರತ್ಯೇಕ ಪುಟ ಸಲ್ಲಲೇಬೇಕು.

ಈಗ 1996. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನವೆಂಬರ್ 23ರಂದು ವಿಶ್ವಸುಂದರಿ ಸ್ಪರ್ಧೆ. ನಾವಾಗ ಹೈಸ್ಕೂಲಿನಲ್ಲಿದ್ದೆವು. ಅಮಿತಾಭ್ ಬಚ್ಚನ್ನರ ಎಬಿಸಿಎಲ್ ಸಂಸ್ಥೆ ಅದನ್ನು ಏರ್ಪಡಿಸಿತ್ತು, ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಬೀದಿಗಿಳಿಯಿತು. ಮಹಿಳಾ ಸಂಘಟನೆಗಳು ಇಳಿದವು, ಸಂಸ್ಕೃತಿ ಕೆಟ್ಟಿತೆಂದು ಬಲಪಂಥದವರೂ ಇಳಿದರು. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಗಳಿಗೆ ಸಾಗಿಸಬೇಕಾಯಿತು. ಮದುರೆಯಲ್ಲಿ ಒಬ್ಬ ತರುಣ ಬೆಂಕಿ ಹಚ್ಚಿಕೊಂಡು ಸತ್ತ. ಸಾವಿರಾರು ಪೊಲೀಸರ ಕಾವಲಿನಲ್ಲಿ ಗೆದ್ದವರು ಯಾರು? ಗ್ರೀಸ್ ದೇಶದ ಐರೀನ್ ಸ್ಕ್ಲಿವಾ. ಈ ಹೆಸರನ್ನು ಕಲಬುರಗಿ ಜಿಲ್ಲೆಯಲ್ಲಿ ಎಷ್ಟು ಮಂದಿ ಹೇಳಿಯಾರು? ಪ್ರತಿಭಟನೆಯನ್ನು ಮಾತ್ರ ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಜಾಗತೀಕರಣವೆಂದರೇನು ಎಂದು ಕರ್ನಾಟಕ ಮೊದಲು ಬೀದಿಯಲ್ಲಿ ನಿಂತು ಜಗಳವಾಡಿದ ಸಂದರ್ಭಗಳಲ್ಲಿ ಅದೂ ಒಂದು. ಆದ್ದರಿಂದ ಕನ್ನಡದ ವಿಶ್ವಕೋಶದಲ್ಲಿ ಆ ಸ್ಪರ್ಧೆಗೆ ದೀರ್ಘವಾದ, ವಾದಪ್ರತಿವಾದಗಳನ್ನೊಳಗೊಂಡ ಬರಹ ಬೇಕು, ಸ್ಕ್ಲಿವಾ ಅವರಿಗೆ ಅದರೊಳಗೆ ಒಂದು ಸಾಲು ಸಾಕು. ಗ್ರೀಕರ ಕೋಶದಲ್ಲಿ ಆಕೆಗೆ ಪುಟವೇ ಸಲ್ಲಬಹುದು, ಅದು ಗ್ರೀಕರು ಬರೆಯಬೇಕಾದದ್ದು.

ಇಲ್ಲಿ ನಮ್ಮ ಗಂಡು ಓದುಗರು ತಲೆಯಾಡಿಸುವ ಮೊದಲು ಒಂದು ಮಾತು. ಅಂಗೈಯಿಂದ ಮುಚ್ಚುವ ಉಪಾಯವನ್ನು ಹೆಂಗಸರಿಗಷ್ಟೇ ಹೂಡಿದರೆ ಅನ್ಯಾಯವಾಗುತ್ತದೆ. ಚಿಂಚೋಳಿಯಲ್ಲಿ ಹುಟ್ಟಿ ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಬರಹ ಯಾವ ಸಾಲು ಮುಚ್ಚಿದರೂ ನಿಲ್ಲುತ್ತದೆ. ಆದರೆ ಒಂದೇ ಅವಧಿಗೆ ಶಾಸಕರಾಗಿ ಸದನದಲ್ಲಿ ಬಾಯಿ ಬಿಡದವರಿಗೂ, ಒಂದೇ ಟೆಸ್ಟ್ ಆಡಿ ಮನೆಗೆ ಹೋದವರಿಗೂ ವಿಕಿಪೀಡಿಯದಲ್ಲಿ ಪುಟ ಸಿಗುತ್ತದೆ. ಅವರು ಮುಂದೆ ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಸುಂದರಿಯ ಪುಟಕ್ಕೆ ಮಾತ್ರ ನಮ್ಮ ಗಾಂಭೀರ್ಯ ಎಚ್ಚರವಾಗುವುದು ಏಕೆ?

2025ರ ಮೇ ತಿಂಗಳಲ್ಲಿ ಇದೇ ಸ್ಪರ್ಧೆ ಹೈದರಾಬಾದಿಗೆ ಬಂತು. ವಾಡಿಯಲ್ಲಿ ರೈಲು ಹತ್ತಿದರೆ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಗುವ ಊರು ಅದು. ನಮ್ಮ ಕಡೆಯವರು ದೊಡ್ಡ ಕಾಯಿಲೆಗೂ ಮದುವೆಯ ಅರಗಿನ ಬಳೆಗೂ ಅಲ್ಲಿಗೇ ಹೋಗುತ್ತಾರೆ. ನೂರಕ್ಕೂ ಹೆಚ್ಚು ದೇಶಗಳ ಸ್ಪರ್ಧಿಗಳನ್ನು ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿಗೆ ಕರೆತಂದು ಬಳೆ ತೊಡಿಸಿದರು. ರಾಮಪ್ಪ ಗುಡಿಯಲ್ಲಿ ಸ್ಥಳೀಯ ಹೆಣ್ಣುಮಕ್ಕಳು ಸ್ಪರ್ಧಿಗಳ ಕಾಲಿಗೆ ನೀರು ಹಾಕಿ ಒರೆಸಿದ ದೃಶ್ಯ ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಕೊನೆಗೆ ಥಾಯ್ಲೆಂಡಿನ ಓಪಲ್ ಸುಚಾತಾ ಗೆದ್ದರು. ಬಗ್ಗಿ ಕಾಲೊರೆಸಿದವರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಅದೇ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಬಂತು. ಮುಂದಿನ ಗೈಡುಗಳಲ್ಲಿ 2025ರ ಎದುರು ಈ ಎರಡೂ ಹೆಸರು ಇರುತ್ತವೆ, ಎರಡಕ್ಕೂ ಒಂದೊಂದೇ ಅಂಕ. ಬಾನು ಅವರ ಬುಕರ್ ಸಾಲನ್ನೂ ಮುಚ್ಚಿ ನೋಡಿ ಎಂದೇ ನಾವು ಹೇಳುತ್ತೇವೆ. ಬಂಡಾಯದ ದಿನಗಳಿಂದ ಬರೆದ ಕತೆಗಳು, ಹಾಸನದ ವಕೀಲಿಕೆ, ಮಸೀದಿಯೊಳಗೆ ಹೆಂಗಸರ ಹಕ್ಕಿಗಾಗಿ ಮಾತಾಡಿ ಉಂಡ ಬಹಿಷ್ಕಾರ ಅಷ್ಟೂ ಉಳಿಯುತ್ತವೆ. ಸುಚಾತಾ ಅವರ ಬಾಳು ಈಗಷ್ಟೇ ಶುರುವಾಗಿದೆ. ಅವರ ಪುಟಕ್ಕೆ ಕಾಯಬಹುದು, ಬಾಗಿಲು ಹಾಕಬೇಕಾಗಿಲ್ಲ.

ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರ ಕನಗನಹಳ್ಳಿ ಇದೆ. 1990ರ ದಶಕದಲ್ಲಿ ಅಲ್ಲಿ ಅಗೆದಾಗ ಬೌದ್ಧ ಸ್ತೂಪದ ಕಲ್ಲುಗಳು ಸಿಕ್ಕವು. ಒಂದು ಚಪ್ಪಡಿಯಲ್ಲಿ ರಾಜ, ಪಕ್ಕದಲ್ಲಿ ರಾಣಿ, ಸುತ್ತ ಸೇವಕಿಯರು. ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೊ’ ಎಂದು ಕೆತ್ತಿದ್ದಾರೆ. ಅಶೋಕನ ಹೆಸರು ಹೊತ್ತ ಚಿತ್ರವೆಂದು ಅದಕ್ಕೆ ಲೋಕಪ್ರಸಿದ್ಧಿ. ರಾಣಿಯ ರೂಪವನ್ನು ಶಿಲ್ಪಿ ಮನಸಿಟ್ಟು ಕಡೆದಿದ್ದಾನೆ, ಒಡವೆಗಳನ್ನೂ ಕಡೆದಿದ್ದಾನೆ, ಹೆಸರು ಕೆತ್ತಿಲ್ಲ. ಈ ಕಡೆ ನಾವು ಹೆಸರು, ಇಸ್ವಿ, ಎತ್ತರ ಬರೆದುಕೊಂಡು ಬಾಳನ್ನು ಬಿಡುತ್ತಿದ್ದೇವೆ. ಶಹಾಬಾದಿನ ಪರ್ಸಿ ಗಣಿಗಳಲ್ಲಿ ಕಲ್ಲು ಹೊತ್ತ ಹೆಂಗಸರ ವಿಷಯಕ್ಕೆ ಬಂದರೆ ರೂಪವೂ ಇಲ್ಲ, ಹೆಸರೂ ಇಲ್ಲ. ಅವರು ಹೊತ್ತ ಕಲ್ಲು ಮಾತ್ರ ಅರ್ಧ ದೇಶದ ಮನೆಗಳ ನೆಲದಲ್ಲಿದೆ. ಕನ್ನಡದಲ್ಲಿ ಬರೆಯುವ ಕೈಗಳು ಕಡಿಮೆ ಎಂದೆವಲ್ಲ, ಆ ಕೈಗಳು ಮೊದಲು ಎತ್ತ ಹೋಗಬೇಕೆಂದು ನಮ್ಮನ್ನು ಕೇಳಿದರೆ ಆ ಗಣಿಗಳ ಕಡೆಗೆ ಎನ್ನುತ್ತೇವೆ. ಹಾಗೆಂದು ರೀಟಾ ಅವರ ಪುಟ ಹರಿಯಿರಿ ಎನ್ನುವುದಿಲ್ಲ.

ಸೇಡಂನ ಹುಡುಗಿಗೆ ನಾವು ರೀಟಾ ಅವರ ಕತೆಯನ್ನು ಹೇಳಿದೆವು. ‘ಡಾಕ್ಟರ್ ಆದ್ರೇನ್ರಿ?’ ಎಂದು ಹುಬ್ಬೇರಿಸಿ, ಗೈಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು. ಆಮೇಲೆ ಬೆರಳನ್ನು ಪಟ್ಟಿಯ ಮುಂದಿನ ಹೆಸರಿಗೆ ಸರಿಸಿದಳು.