ಬೇಲಿ ಬುಡದ ನಂಟರು

ಕುಂಡದಲ್ಲಿ ಕಳ್ಳಿ ಬೆಳೆಸುವ ನಮ್ಮಂಥವರಿಗೆ ಒಂದು ಚಾಳಿ. ಗಿಡ ಮೆಕ್ಸಿಕೋದ್ದಾದರೆ ಮಾತ್ರ ಕಣ್ಣರಳುತ್ತದೆ. ನಮ್ಮೂರ ಗಿಡವನ್ನೂ ನೋಡಬೇಕೆಂದರೆ, ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯ ಸುತ್ತ, ಕಾರ್ಖಾನೆ ಕಾಂಪೌಂಡುಗಳ ಆಚೆ, ಎಲ್ಲಾದರೂ ಹಳೇ ಕಳ್ಳಿಬೇಲಿ ಉಳಿದಿದ್ದರೆ ಅದರ ಬುಡ ಹುಡುಕಿ ನೋಡಿ.

ಬಯಲುಸೀಮೆಯ ಕ್ಯಾರಲ್ಲುಮ ಸಿಗುವುದು ಇಂಥ ಜಾಗದಲ್ಲೇ. ಎಲೆಯಿಲ್ಲದ, ಚೌಕ ಕಾಂಡದ ಗಿಡ. ಅದರಲ್ಲಿ ಅಂಬೆಲ್ಲಾಟ ಜಾತಿಯದು ಕಾಂಡದ ತುದಿಗೆ ಕಡು ನೇರಳೆ ಹೂವಿನ ದುಂಡು ಗೊಂಚಲು ಬಿಡುತ್ತದೆ. ವಾಸನೆ ಮಾತ್ರ ಕೊಳೆತ ಮಾಂಸದ್ದು. ನೊಣ ಬರುವುದೇ ಅದಕ್ಕೆ. ಹೂವಿನ ಸಂದಿಗೆ ಸೊಂಡಿಲು ಇಳಿಸಿದರೆ ಪರಾಗದ ಪುಟ್ಟ ಗಂಟು ಕ್ಲಿಪ್ಪಿನಂತೆ ಕಚ್ಚಿಕೊಳ್ಳುತ್ತದೆ. ಅದನ್ನು ಹೊತ್ತೇ ನೊಣ ಮುಂದಿನ ಹೂವಿಗೆ ಹೋಗಬೇಕು. ಜೋಡಿಕಾಯಿ ಒಡೆದಾಗ ರೇಷ್ಮೆ ಜುಟ್ಟಿನ ಬೀಜ ಗಾಳಿಗೆ ಹಾರಿ ಮುಳ್ಳಿಗೆ ಸಿಕ್ಕಿ ಬೀಳುತ್ತದೆ. ಬಯಲಲ್ಲಿ ಮೊಳೆತದ್ದು ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಮೇಕೆಯ ಪಾಲು. ಕಾರೆಪೊದೆ, ಕಳ್ಳಿಯ ನೆರಳಿಗೆ ಬಿದ್ದದ್ದು ಬದುಕಿಕೊಳ್ಳುತ್ತದೆ.

ನೊಣ, ಮುಳ್ಳು, ನೆರಳು ಕ್ಯಾರಲ್ಲುಮದ ನಂಟರು. ಇಂಥ ನಂಟು ತಪ್ಪಿದ ಗಿಡ ಏನು ಮಾಡೀತು ಅನ್ನುವುದಕ್ಕೆ ಪಾಪಸುಕಳ್ಳಿ ಇದೆ. ತನ್ನನ್ನು ತಿನ್ನುವ ಹುಳುವನ್ನು ಅಮೆರಿಕದಲ್ಲೇ ಬಿಟ್ಟು ಬಂದ ಅದು ಇಲ್ಲಿ ಹೊಲ, ಗೋಮಾಳ ನುಂಗಿತು. 1795ರಲ್ಲಿ ಕೆಂಪು ಬಣ್ಣದ ಆಸೆಗೆ ಬ್ರೆಜಿಲಿನಿಂದ, ಪಾಪಸುಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಕೀಟ ತರಿಸಿದರು; ಬಂದದ್ದು ಬೇರೆ ಜಾತಿ. ಬಣ್ಣ ಕಳಪೆ, ಹಸಿವು ಜೋರು! 1836ರ ಹೊತ್ತಿಗೆ ಅದನ್ನೇ ಬೇಕೆಂದು ದಕ್ಷಿಣಕ್ಕೆ ತಂದು ಒಂದು ಜಾತಿಯ ಪಾಪಸುಕಳ್ಳಿಗೆ ಬಿಟ್ಟರು. ಇನ್ನೊಂದು ಜಾತಿಯನ್ನು ಆ ಕೀಟ ಮೂಸಲಿಲ್ಲ. ಅದಕ್ಕೆ 1926ರಲ್ಲಿ ಸಿಂಹಳದಿಂದ ಬೇರೆ ಕಾಚಿನೀಲ್ ಬರಬೇಕಾಯಿತು. ನಿಮ್ಮ ಕುಂಡದ ಪಾಪಸುಕಳ್ಳಿಯ ಮೇಲೆ ಬಿಳಿ ತುಪ್ಪಳ ಕಂಡು, ಹಿಸುಕಿದಾಗ ಬೆರಳು ಕೆಂಪಾದರೆ ಅದು ಈ ವಂಶದ್ದೇ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬಯಲಲ್ಲಿ ಕಂಡರೆ ನಿಮ್ಮ ಉಸಾಬರಿ ಬೇಡ.

ಕ್ಯಾರಲ್ಲುಮಕ್ಕೆ ಮೇಕೆಗಿಂತ ಜೆಸಿಬಿ ದೊಡ್ಡ ಶತ್ರು ಅಂತ ನನ್ನ ಅನಿಸಿಕೆ. ಬೇಲಿ ಕಿತ್ತು ಗೋಡೆ ಕಟ್ಟಿದರೆ ನೆರಳು, ಗಿಡ, ಬೀಜ ಹಿಡಿಯುವ ಮುಳ್ಳು ಒಟ್ಟಿಗೇ ಹೋದವು. ತೂಕ ಇಳಿಸುವ ಮಾತ್ರೆಯವರ ಕಣ್ಣೂ ಇದರ ಮೇಲಿದೆ. ಆದ್ದರಿಂದ ಬುಡಸಮೇತ ಕೀಳಬೇಡಿ. ಹೊಲದವರನ್ನು ಕೇಳಿ ಬೆರಳುದ್ದದ ಒಂದು ತುಂಡು ಮುರಿದುಕೊಳ್ಳಿ. ಗಾಯ ಒಣಗಲಿ, ಆಮೇಲೆ ದಪ್ಪ ಮರಳು ಬೆರೆಸಿದ ಕೆಮ್ಮಣ್ಣಿಗೆ ಊರಿ, ಬೇರು ಬಿಡುವ ತನಕ ನೀರಿಗೆ ಕೈ ಬಿಗಿ ಹಿಡಿಯಿರಿ. ಹೂ ಬಿಟ್ಟಾಗ ಕುಂಡವನ್ನು ಮನೆಯಿಂದ ಹೊರಗಿಡಿ. ನೊಣ ಮುತ್ತಿದವೆಂದು ಮನೆಯವರು ಬೈದರೆ ಬೈಯಲಿ, ಓಡಿಸಬೇಡಿ.